ಮನೆಯ ಗಿಡಗಳಿಗೆ ಹಿಟ್ಟು ತಿಗಣೆ: ಕಾರಣ, ನಿವಾರಣೆ, ಎಚ್ಚರಿಕೆ

ಫಾಲ್ಗುಣ ಕಳೆದು ಚೈತ್ರ ಕಾಲಿಡುವ ಹೊತ್ತಿಗೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಕಡೆ ಬಿಸಿಲು ಬಲಿಯತೊಡಗುತ್ತದೆ. ಆ ದಿನಗಳಲ್ಲಿಯೇ ಪಡಸಾಲೆಯ ಮೂಲೆಯಲ್ಲಿ, ಮಾಳಿಗೆಯ ಮೆಟ್ಟಿಲ ಬದಿಯಲ್ಲಿ, ಕಿಟಕಿಯ ಕಟ್ಟೆಯ ಮೇಲೆ ಮಮತೆಯಿಂದ ಬೆಳೆಸಿದ ಮನಿ ಪ್ಲಾಂಟ್, ಕ್ರೋಟನ್, ಡೈಫನ್‌ಬೇಕಿಯಾ, ಅಗ್ಲೋನೀಮಾ, ದಾಸವಾಳ ಮೊದಲಾದ ಗಿಡಗಳ ಎಲೆಯ ಬುಡದಲ್ಲಿ ಬಿಳಿಯ ಅಂಟಿನ ಗಂಟುಗಳು ಕಾಣಿಸಿಕೊಳ್ಳುವುದುಂಟು. ಮೊದಲು ಅದನ್ನು ಧೂಳೆಂದು ಒರೆಸಿಬಿಡುತ್ತೇವೆ. ವಾರ ಕಳೆಯುವಷ್ಟರಲ್ಲಿ ಅದು ಮತ್ತೆ ಕಾಣುತ್ತದೆ. ತಿಂಗಳು ಕಳೆಯುವಷ್ಟರಲ್ಲಿ ಎಲೆ ಹಳದಿಯಾಗಿ, ಚಿಗುರು ಮುದುಡಿ, ಕುಂಡದ ಕೆಳಗಿನ ನೆಲ ಜಿಗುಟಾಗಿ, ಇರುವೆಗಳ ಸಾಲು ಗೋಡೆಯಿಂದ ಗಿಡಕ್ಕೂ ಗಿಡದಿಂದ ಗೋಡೆಗೂ ಹರಿದಾಡತೊಡಗುತ್ತದೆ. ಇದೇ ಹಿಟ್ಟು ತಿಗಣೆಯ ಉಪದ್ರವ.

ಈ ಕೀಟ ನಮ್ಮ ಸೀಮೆಗೆ ಅಪರಿಚಿತವಾದುದಲ್ಲ. ಕಬ್ಬಿನ ರವದಿಯನ್ನು ಸುಲಿಯುವಾಗ ಗಣ್ಣಿನ ಬಳಿ ಕಾಣುವ ನಸುಗೆಂಪಿನ ಹಿಟ್ಟು ತಿಗಣೆಯನ್ನು ಕೃಷ್ಣಾ-ಘಟಪ್ರಭಾ ತೀರದ ರೈತರೆಲ್ಲರೂ ಬಲ್ಲರು. ದ್ರಾಕ್ಷಿ, ದಾಳಿಂಬೆ, ಪಪ್ಪಾಯಿಗಳನ್ನು ಬೆಳೆಯುವವರಿಗೂ ಇದರ ಬೇರೆ ಬೇರೆ ಜಾತಿಗಳ ಪರಿಚಯವುಂಟು. ಹೊಲದಲ್ಲಿ ಇದನ್ನು ಎದುರಿಸಲು ವಿದ್ಯಾವಂತರ ಸಲಹೆಯೂ ಪ್ರಕೃತಿಯ ಸಹಾಯವೂ ದೊರೆಯುತ್ತವೆ; ಮನೆಯೊಳಗಿನ ಗಿಡಕ್ಕಾದರೋ ಮನೆಯವರ ಗಮನವೊಂದೇ ಆಸರೆ. ಆ ಗಮನವನ್ನು ಎಲ್ಲಿ, ಯಾವಾಗ, ಎಷ್ಟು ಕಾಲ ಇರಿಸಬೇಕೆಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ. ಆರಂಭದಲ್ಲಿಯೇ ಒಂದು ಮಾತನ್ನು ಹೇಳಿಬಿಡುವುದು ಯುಕ್ತ: ಈ ಕೀಟ ಉಗ್ರವಾದ ಔಷಧಕ್ಕಿಂತ ಹೆಚ್ಚಾಗಿ, ತಪ್ಪದೆ ಮರಳಿ ಮರಳಿ ಮಾಡುವ ಸೌಮ್ಯವಾದ ಉಪಚಾರಕ್ಕೆ ಸೋಲುತ್ತದೆ.

ಕೀಟದ ಸ್ವಭಾವ

ಹಿಟ್ಟು ತಿಗಣೆಗಳು ಸ್ಯೂಡೊಕಾಕ್ಸಿಡೇ ಎಂಬ ಕುಟುಂಬಕ್ಕೆ ಸೇರಿದ ಮೃದುದೇಹದ ಕೀಟಗಳು. ಹೆಣ್ಣಿಗೆ ರೆಕ್ಕೆಯಿಲ್ಲ, ಬೆಳೆದಾಗ ಅದು ಮೂರು-ನಾಲ್ಕು ಮಿಲಿಮೀಟರು ಉದ್ದವಿರುತ್ತದೆ. ಸೂಕ್ಷ್ಮವಾದ ಸೂಜಿಯಂತಹ ಬಾಯಿಯನ್ನು ಎಲೆ-ಕಾಂಡಗಳೊಳಗೆ ಚುಚ್ಚಿ ರಸವನ್ನು ಹೀರುವುದೇ ಅದರ ಜೀವನ. ಗಂಡು ಅತಿ ಚಿಕ್ಕದು. ರೆಕ್ಕೆ ಮೂಡಿದ ಮೇಲೆ ಅದು ಆಹಾರವನ್ನೇ ಸೇವಿಸದೆ ಕೆಲವು ದಿನಗಳಲ್ಲಿ ಸಾಯುತ್ತದೆ. ಆದುದರಿಂದ ನಾವು ಕಾಣುವ ಹಾನಿಯೆಲ್ಲವೂ ಹೆಣ್ಣುಗಳಿಂದ ಮತ್ತು ಮರಿಗಳಿಂದ ಆಗತಕ್ಕದ್ದು. ಇದರ ನಿವಾರಣೆ ಕಷ್ಟವೆನಿಸುವುದಕ್ಕೆ ನಾಲ್ಕು ಕಾರಣಗಳಿವೆ.

ಮೊದಲನೆಯದು, ಮೇಣದ ಹೊದಿಕೆ. ಕೀಟದ ಮೈಮೇಲೆ ಕಾಣುವ ಬಿಳಿಯ ಪುಡಿ ಅದು ತಾನೇ ಸ್ರವಿಸಿದ ಮೇಣ. ನೀರು ಅದಕ್ಕೆ ಅಂಟದೆ ಜಾರಿಹೋಗುವುದರಿಂದ, ನೀರಿನಲ್ಲಿ ಬೆರೆಸಿದ ಔಷಧವೂ ಮೈಯನ್ನು ಮುಟ್ಟದೆ ಜಾರುತ್ತದೆ. ಸಾಬೂನು, ಎಣ್ಣೆ, ಸ್ಪಿರಿಟ್ಟುಗಳು ಉಪಯುಕ್ತವಾಗುವುದು ಇಲ್ಲಿಯೇ: ಅವು ಮೇಣವನ್ನು ಭೇದಿಸಿ ಕೀಟದ ಮೈಯನ್ನು ತಲುಪುತ್ತವೆ, ಅದರ ಉಸಿರಾಟದ ರಂಧ್ರಗಳನ್ನು ಮುಚ್ಚುತ್ತವೆ ಅಥವಾ ಮೈಯ ತೇವವನ್ನು ಆರಿಸಿಬಿಡುತ್ತವೆ.

ಎರಡನೆಯದು, ಮೊಟ್ಟೆಗಳ ಚೀಲ. ಅನೇಕ ಜಾತಿಗಳ ಹೆಣ್ಣುಗಳು ಅರಳೆಯಂತೆ ಕಾಣುವ ಚೀಲದಲ್ಲಿ ನೂರಾರು ಮೊಟ್ಟೆಗಳನ್ನಿಡುತ್ತವೆ. ಆ ಚೀಲದೊಳಗಿನ ಮೊಟ್ಟೆಗೆ ಹೊರಗಿನ ಸಿಂಪಡಣೆ ಮುಟ್ಟುವುದು ವಿರಳ. ಇಂದು ಕಾಣುವ ಕೀಟಗಳನ್ನೆಲ್ಲ ಕೊಂದರೂ, ಒಂದು ವಾರದ ಆಚೀಚೆ ಹೊಸ ಮರಿಗಳು ಹೊರಡುತ್ತವೆ. ಬೇಸಿಗೆಯ ಸೆಕೆಯಲ್ಲಿ ಒಂದು ಪೀಳಿಗೆ ಸುಮಾರು ಒಂದು ತಿಂಗಳಲ್ಲಿ ಪೂರ್ಣವಾಗುವುದರಿಂದ, ಉಪಚಾರವನ್ನು ಒಂದೆರಡು ಸಲಕ್ಕೆ ನಿಲ್ಲಿಸಿದವರು ಕೀಟಕ್ಕೆ ಪುನಃ ಅವಕಾಶ ಕೊಟ್ಟಂತಾಗುತ್ತದೆ.

ಮೂರನೆಯದು, ಇರುವೆಗಳ ನಂಟು. ಗಿಡದ ರಸದಲ್ಲಿ ಸಕ್ಕರೆ ಹೆಚ್ಚು, ದೇಹಪೋಷಣೆಗೆ ಬೇಕಾದ ಸಾರಜನಕಾಂಶ ಕಡಿಮೆ. ಆದುದರಿಂದ ಕೀಟ ಅಪಾರವಾಗಿ ರಸ ಹೀರಿ, ಹೆಚ್ಚಿನ ಸಕ್ಕರೆಯನ್ನು ಜೇನಿನಂತಹ ಸ್ರಾವವಾಗಿ ಹೊರಹಾಕುತ್ತದೆ. ಆ ಸಿಹಿಗಾಗಿ ಬರುವ ಇರುವೆಗಳು ತಿಗಣೆಯ ಶತ್ರುಗಳನ್ನು ಓಡಿಸುವುದಲ್ಲದೆ, ಮರಿಗಳನ್ನು ಗಿಡದಿಂದ ಗಿಡಕ್ಕೆ ಸಾಗಿಸುವುದೂ ಉಂಟು. ಅದೇ ಸ್ರಾವದ ಮೇಲೆ ಕಪ್ಪು ಬೂಷ್ಟು ಬೆಳೆದು ಎಲೆಗೆ ಬೆಳಕು ತಾಕದಂತೆ ಮಾಡುತ್ತದೆ.

ನಾಲ್ಕನೆಯದು, ಮನೆಯೊಳಗಿನ ಸುರಕ್ಷಿತತೆ. ಹೊರಗಿನ ಗಿಡವನ್ನು ಮಳೆ ತೊಳೆಯುತ್ತದೆ, ಗುಲಗಂಜಿ ಹುಳಗಳೂ ಪರತಂತ್ರ ಕಣಜಗಳೂ ಕಾಯುತ್ತವೆ. ದಪ್ಪ ಗೋಡೆ, ಸಣ್ಣ ಬೆಳಕಿಂಡಿಗಳ ಹಳೆಯ ಮನೆಯಲ್ಲಾಗಲಿ, ಗಾಳಿಯಾಡದ ಹೊಸ ಮನೆಯಲ್ಲಾಗಲಿ, ಕೀಟವನ್ನು ತಡೆಯುವ ಈ ಶಕ್ತಿಗಳಾವುವೂ ಒಳಗೆ ಬರಲಾರವು.

ಗುರುತಿಸುವ ಬಗೆ

ಉಪಚಾರಕ್ಕಿಂತ ಮೊದಲು ನಿಶ್ಚಯ ಬೇಕು. ರಬಕವಿ-ಬನಹಟ್ಟಿಯ ನೇಕಾರರ ಮನೆಗಳಲ್ಲಿ ಮಗ್ಗದಿಂದ ಏಳುವ ನೂಲಿನ ಸಣ್ಣ ಎಳೆಗಳು ಗಿಡಗಳ ಮೇಲೆ ಕೂತು ದೂರದಿಂದ ತಿಗಣೆಯಂತೆಯೇ ತೋರಬಲ್ಲವು. ಆದುದರಿಂದ ಈ ಪರೀಕ್ಷೆಗಳನ್ನು ಮಾಡಿನೋಡಿ.

1. ಮೆಲ್ಲಗೆ ಊದಿ. ನೂಲಿನ ಧೂಳು ಹಾರಿಹೋಗುತ್ತದೆ, ತಿಗಣೆ ಕದಲುವುದಿಲ್ಲ.

2. ಹಲ್ಲುಕಡ್ಡಿಯ ತುದಿಯಿಂದ ಒತ್ತಿ. ಕೀಟವಾದರೆ ಒಳಗಿನಿಂದ ಹಳದಿ ಅಥವಾ ನಸುಗೆಂಪು ದ್ರವ ಬರುತ್ತದೆ.

3. ಸ್ಥಾನವನ್ನು ಗಮನಿಸಿ. ಧೂಳು ಎಲೆಯ ಮೇಲ್ಮೈ ಮೇಲೆಲ್ಲ ಸಮನಾಗಿ ಕೂಡುತ್ತದೆ; ತಿಗಣೆಯಾದರೋ ಎಲೆ ಕಾಂಡಕ್ಕೆ ಸೇರುವ ಸಂದು, ಎಲೆಯ ಕೆಳಭಾಗದ ನರ, ಚಿಗುರಿನ ಮಡಿಕೆ, ಒಣಗಿದ ಎಲೆತೊಟ್ಟಿನ ಒಳಬದಿ ಇಂಥ ಮರೆಗಳನ್ನೇ ಹುಡುಕುತ್ತದೆ. ಕಬ್ಬಿನಲ್ಲಿ ರವದಿಯ ಒಳಗೆ ಅಡಗುವ ಬುದ್ಧಿಯೇ ಇಲ್ಲಿಯೂ ಕೆಲಸ ಮಾಡುತ್ತದೆ.

4. ಕುಂಡದ ಅಂಚು, ತಳದ ರಂಧ್ರ, ಆಧಾರದ ಕೋಲು, ಕಟ್ಟಿದ ದಾರ ಇವುಗಳನ್ನೂ ನೋಡಿ. ಮೊಟ್ಟೆಯ ಚೀಲಗಳು ಅನೇಕ ವೇಳೆ ಗಿಡದ ಮೇಲಿರದೆ ಇಲ್ಲಿರುತ್ತವೆ.

5. ಮೇಲೆ ಏನೂ ಕಾಣದಿದ್ದರೂ, ನೀರು ಗೊಬ್ಬರಗಳು ಸರಿಯಾಗಿದ್ದರೂ ಗಿಡ ಸೊರಗುತ್ತಿದ್ದರೆ, ಅದನ್ನು ಮಣ್ಣಿನ ಹೆಂಟೆಯೊಡನೆ ಕುಂಡದಿಂದ ಹೊರತೆಗೆದು ಬೇರುಗಳನ್ನು ಪರೀಕ್ಷಿಸಿ. ಬೇರಿನ ನಡುವೆ ಬಿಳಿಯ ಮೇಣದ ಕಣಗಳಿದ್ದರೆ ಅದು ಬೇರಿನ ಹಿಟ್ಟು ತಿಗಣೆ.

ನಿವಾರಣೆಯ ಕ್ರಮ

1. ಪ್ರತ್ಯೇಕಿಸಿ. ಕೀಟ ಕಂಡ ಗಿಡವನ್ನು ಅದೇ ದಿನ ಇತರ ಗಿಡಗಳಿಂದ ದೂರವಿಡಿ. ಎಲೆಗೆ ಎಲೆ ತಾಗದಿರಲಿ. ಮೊಟ್ಟೆಯಿಂದ ಹೊರಟ ಮರಿ ಸಾಸಿವೆಗಿಂತಲೂ ಸಣ್ಣದಾಗಿದ್ದು, ಚುರುಕಾಗಿ ನಡೆದು ಪಕ್ಕದ ಗಿಡವನ್ನು ಸೇರಬಲ್ಲದು. ಸಮೀಪವಿದ್ದ ಗಿಡಗಳನ್ನೂ ಅಂದೇ ಪರೀಕ್ಷಿಸಿ.

2. ಕತ್ತರಿಸಿ. ಕೀಟ ದಟ್ಟವಾಗಿ ಮುತ್ತಿದ ರೆಂಬೆ, ಒಣಗಿದ ಎಲೆತೊಟ್ಟು, ಮುದುಡಿದ ಚಿಗುರು ಇವನ್ನು ಕತ್ತರಿಸಿ, ಚೀಲದಲ್ಲಿ ಕಟ್ಟಿ ದೂರ ಸಾಗಿಸಿ ಅಥವಾ ಆಳವಾಗಿ ಹೂಳಿ. ಹಿತ್ತಲಿನ ಗೊಬ್ಬರದ ಗುಂಡಿಗೆ ಎಸೆದರೆ ಅಲ್ಲಿಂದ ದಾಸವಾಳಕ್ಕೂ ಪಪ್ಪಾಯಿಗೂ ಹರಡೀತು. ಡೈಫನ್‌ಬೇಕಿಯಾದ ಹಾಲು ಚರ್ಮ ಮತ್ತು ಕಣ್ಣುಗಳನ್ನು ಉರಿಸುವುದರಿಂದ, ಕತ್ತರಿಸುವಾಗ ಕೈಗವಸು ಇರಲಿ; ಕತ್ತರಿಯನ್ನು ಬಳಿಕ ಸ್ಪಿರಿಟ್ಟಿನಿಂದ ಒರೆಸಿ.

3. ತೊಳೆಯಿರಿ. ಕುಂಡದ ಮಣ್ಣನ್ನು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ, ಗಿಡವನ್ನು ಓರೆಯಾಗಿ ಹಿಡಿದು, ಎಲೆಗಳ ಕೆಳಬದಿಗೆ ರಭಸವಾಗಿ ನೀರು ಬೀಳುವಂತೆ ಮಾಡಿ. ಜಿಗುಟು ಸ್ರಾವವೂ ಸಡಿಲಾದ ಕೀಟಗಳೂ ಹೋಗುವುದರಿಂದ ಮುಂದಿನ ಔಷಧ ಅರ್ಧ ಶ್ರಮಕ್ಕೆ ಫಲ ಕೊಡುತ್ತದೆ. ಕೋಮಲವಾದ ಚಿಗುರುಗಳಿಗೆ ಮೆತ್ತನೆಯ ಬ್ರಷ್ಷು ಸಾಕು.

4. ಒಂದೊಂದಾಗಿ ಒರೆಸಿ. ಔಷಧದ ಅಂಗಡಿಯಲ್ಲಿ ದೊರೆಯುವ ಸರ್ಜಿಕಲ್ ಸ್ಪಿರಿಟ್ಟನ್ನು, ಅದು ಸುಮಾರು ಶೇಕಡ 70ರ ಸಾಂದ್ರತೆಯದಾಗಿರುವಂತೆ ನೋಡಿಕೊಂಡು, ಹತ್ತಿಯ ಕಡ್ಡಿಯಿಂದ ಪ್ರತಿಯೊಂದು ಕೀಟಕ್ಕೂ ಮೊಟ್ಟೆಯ ಚೀಲಕ್ಕೂ ತಾಕಿಸಿ. ಮೇಣ ಕರಗಿ ಬಿಳಿಯ ಬಣ್ಣ ಹೋಗಿ ಕೀಟದ ನಿಜವಾದ ಬಣ್ಣ ಕಂಡರೆ ಕೆಲಸವಾಯಿತೆಂದು ತಿಳಿಯಿರಿ. ಹತ್ತಾರು ಕೀಟಗಳಿರುವ ಸಣ್ಣ ಗಿಡಕ್ಕೆ ಇದಕ್ಕಿಂತ ನಿಶ್ಚಿತವಾದ ಉಪಾಯವಿಲ್ಲ. ಜರಿಗಿಡಗಳ ತೆಳ್ಳನೆಯ ಎಲೆ ಸ್ಪಿರಿಟ್ಟನ್ನು ಸಹಿಸದು. ಅಲ್ಲಿ ಬರಿಯ ನೀರು, ಬ್ರಷ್ಷುಗಳೇ ಇರಲಿ.

5. ಸಿಂಪಡಿಸಿ. ಗಿಡ ದೊಡ್ಡದಾಗಿದ್ದರೆ ಒಂದು ಲೀಟರು ನೀರಿಗೆ 5 ಮಿಲಿಲೀಟರು ಬೇವಿನ ಎಣ್ಣೆ, ಅದು ನೀರಿನಲ್ಲಿ ಬೆರೆಯಲು 1ರಿಂದ 2 ಮಿಲಿಲೀಟರು ಮೃದುವಾದ ದ್ರವ ಸಾಬೂನು ಸಾಕು. ಎಣ್ಣೆ ಸಾಬೂನುಗಳನ್ನು ಮೊದಲು ಒಂದಾಗಿಸಿ, ಬಳಿಕ ಉಗುರುಬೆಚ್ಚಗಿನ ನೀರನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿದರೆ ಹಾಲಿನಂತಹ ದ್ರಾವಣವಾಗುತ್ತದೆ. ಅದನ್ನು ಅಂದೇ ಬಳಸಬೇಕು, ನಡುನಡುವೆ ಅಲುಗಾಡಿಸುತ್ತಿರಬೇಕು. ಕೃಷಿ ಪರಿಕರಗಳ ಅಂಗಡಿಯಲ್ಲಿ ಮೀನೆಣ್ಣೆ ರಾಳದ ಸಾಬೂನು ದೊರೆತರೆ, ಅಂಗಳದ ಗಿಡಗಳಿಗೆ ಲೀಟರಿಗೆ 25 ಗ್ರಾಮಿನ ಪ್ರಮಾಣದಲ್ಲಿ ಅದನ್ನು ಬಳಸಬಹುದು. ಅದರ ವಾಸನೆಯಿಂದಾಗಿ ಮನೆಯೊಳಗೆ ಬೇಡ. ಬೆಂಗಳೂರಿನ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ರೂಪಿಸಿದ ಬೇವಿನ ಸಾಬೂನು, ಹೊಂಗೆಯ ಸಾಬೂನುಗಳೂ ಇದೇ ತತ್ತ್ವದವು. ಅವುಗಳ ಹೊದಿಕೆಯ ಮೇಲಿನ ಪ್ರಮಾಣವನ್ನು ಮೀರದಿರಿ. ಯಾವ ದ್ರಾವಣವನ್ನಾದರೂ ಮೊದಲು ಒಂದೇ ಎಲೆಗೆ ಹಚ್ಚಿ, ಎರಡು ದಿನ ಕಾದು, ಎಲೆ ಸುಡದಿದ್ದರೆ ಮಾತ್ರ ಇಡೀ ಗಿಡಕ್ಕೆ ಸಿಂಪಡಿಸಿ.

6. ನೀರನ್ನು ಆರಿಸಿ. ಈ ಮಾತು ನಮ್ಮ ಸೀಮೆಗೆ ವಿಶೇಷವಾಗಿ ಸಲ್ಲುತ್ತದೆ. ಎರೆಭೂಮಿಯ ಕೊಳವೆಬಾವಿಗಳ ನೀರು ಅನೇಕ ಕಡೆ ಗಡಸು ಅಥವಾ ಸವಳು. ಗಡಸು ನೀರಿನಲ್ಲಿರುವ ಸುಣ್ಣದಂಶ ಸಾಬೂನಿನೊಡನೆ ಕೂಡಿ ಬಿಳಿಯ ಗಷ್ಟಾಗುವುದರಿಂದ, ಕೀಟದ ಮೇಲೆ ಕೆಲಸ ಮಾಡಬೇಕಾದ ಸಾಬೂನು ಡಬ್ಬಿಯ ತಳದಲ್ಲಿಯೇ ಉಳಿಯುತ್ತದೆ. ನೊರೆ ಬಾರದ ನೀರಿನಿಂದ ದ್ರಾವಣ ಮಾಡಬೇಡಿ. ಕೂಡಿಟ್ಟ ಮಳೆನೀರನ್ನೋ ಶುದ್ಧೀಕರಣ ಯಂತ್ರದ ಕುಡಿಯುವ ನೀರನ್ನೋ ಬಳಸಿ. ಸಿಂಪಡಣೆಗೆ ಬೇಕಾಗುವುದು ಒಂದೆರಡು ಲೀಟರು ಮಾತ್ರವಾದುದರಿಂದ ಇದು ಭಾರವಾಗದು.

7. ಇರುವೆಗಳನ್ನು ತಡೆಯಿರಿ. ಅಗಲವಾದ ತಟ್ಟೆಯಲ್ಲಿ ನೀರು ಹಾಕಿ, ನಡುವೆ ಇಟ್ಟಿಗೆಯನ್ನಿಟ್ಟು, ಅದರ ಮೇಲೆ ಕುಂಡವನ್ನಿರಿಸಿ. ನೀರಿಗೆ ಒಂದು ಹನಿ ಸಾಬೂನು ಸೇರಿಸಿದರೆ ಇರುವೆ ದಾಟಲಾರದು. ಸೊಳ್ಳೆಗಳು ಮೊಟ್ಟೆಯಿಡದಂತೆ ಮೂರು ದಿನಕ್ಕೊಮ್ಮೆ ಆ ನೀರನ್ನು ಚೆಲ್ಲಿ ತಟ್ಟೆಯನ್ನು ತಿಕ್ಕಿ ತೊಳೆಯುವುದು ಕಡ್ಡಾಯ. ಗಿಡದ ಎಲೆ ಗೋಡೆಗೆ ತಾಗಿದ್ದರೆ ತಟ್ಟೆಯ ನೀರು ನಿರರ್ಥಕ.

8. ಪುನರಾವರ್ತಿಸಿ. ಮೊದಲ ದಿನದ ಉಪಚಾರವನ್ನು ಏಳು ದಿನಗಳ ಅಂತರದಲ್ಲಿ ಇನ್ನೂ ಮೂರು ಸಲ ಮಾಡಿ. ಮೊದಲ ಸಲ ಬದುಕುಳಿದ ಮೊಟ್ಟೆಗಳು ಎರಡನೆಯ ಸಲದ ಹೊತ್ತಿಗೆ ಮರಿಗಳಾಗಿರುತ್ತವೆ. ಮೇಣ ಇನ್ನೂ ದಟ್ಟವಾಗದ ಆ ಮರಿಗಳೇ ಔಷಧಕ್ಕೆ ಸುಲಭವಾಗಿ ತುತ್ತಾಗುವುವು. ನಾಲ್ಕನೆಯ ಸಲದ ಮೇಲೆ ಒಂದು ತಿಂಗಳು ವಾರಕ್ಕೊಮ್ಮೆ ಪರೀಕ್ಷಿಸಿ, ಒಂದು ಕೀಟವೂ ಕಾಣದಿದ್ದರೆ ಮಾತ್ರ ಗಿಡವನ್ನು ಮೊದಲಿನ ಸ್ಥಳಕ್ಕೆ ತನ್ನಿ.

9. ಬೇರಿನ ತಿಗಣೆಯಾದರೆ ಮಣ್ಣನ್ನೆಲ್ಲ ಬಿಡಿಸಿ, ಬೇರುಗಳನ್ನು ಹರಿಯುವ ನೀರಿನಲ್ಲಿ ತೊಳೆದು, ಕೊಳೆತ ಬೇರುಗಳನ್ನು ತೆಗೆದು, ಬಿಸಿನೀರು ಸಾಬೂನುಗಳಿಂದ ತಿಕ್ಕಿದ ಕುಂಡದಲ್ಲಿ ಹೊಸ ಮಣ್ಣಿನೊಡನೆ ನೆಡಿ. ಹಳೆಯ ಮಣ್ಣನ್ನು ಬೇರೆ ಕುಂಡಕ್ಕೆ ಹಾಕಬಾರದು.

ಹೊರಗಿನ ಮಿತ್ರರು

ಅಂಗಳದ ದಾಸವಾಳಕ್ಕೋ ಪಪ್ಪಾಯಿಗೋ ತಿಗಣೆ ತಗುಲಿದಾಗ, ಸಿಂಪಡಿಸುವ ಮುನ್ನ ಒಂದು ಕ್ಷಣ ನಿಂತು ನೋಡುವುದು ವಿವೇಕ. 1898ರಲ್ಲಿ ಕಾಫಿಯ ಹಸಿರು ಶಲ್ಕಕೀಟದ ಹತೋಟಿಗೆಂದು ಆಸ್ಟ್ರೇಲಿಯದಿಂದ ಭಾರತಕ್ಕೆ ತಂದ ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳ, ಆ ಕಾರ್ಯದಲ್ಲಿ ಸಫಲವಾಗದಿದ್ದರೂ ದಕ್ಷಿಣ ಭಾರತದಲ್ಲಿ ನೆಲೆಯೂರಿ, ಹಿಟ್ಟು ತಿಗಣೆಯ ಪ್ರಬಲ ಶತ್ರುವಾಗಿ ಪರಿಣಮಿಸಿತು. 2008ರಲ್ಲಿ ಕೊಯಮತ್ತೂರಿನಲ್ಲಿ ಮೊದಲು ಕಂಡ ಪಪ್ಪಾಯಿಯ ಹಿಟ್ಟು ತಿಗಣೆ ದಕ್ಷಿಣದ ತೋಟಗಳನ್ನು ಕಾಡಿದಾಗ, 2010ರಲ್ಲಿ ಪೋರ್ಟೊರಿಕೊದಿಂದ ಬೆಂಗಳೂರಿನ ಕೃಷಿ ಕೀಟಗಳ ರಾಷ್ಟ್ರೀಯ ಸಂಸ್ಥೆಗೆ ತರಿಸಿದ ಅಸಿರೋಫೇಗಸ್ ಎಂಬ ಅತಿ ಸಣ್ಣ ಕಣಜ ಅದನ್ನು ಹತೋಟಿಗೆ ತಂದಿತು. 2002ರ ಸುಮಾರಿಗೆ ನಮ್ಮ ಕಬ್ಬಿನ ಸೀಮೆಯನ್ನು ಮುತ್ತಿದ ಬಿಳಿ ಉಣ್ಣೆಹೇನನ್ನು ತಗ್ಗಿಸುವುದರಲ್ಲಿಯೂ ಡೈಫಾ, ಮೈಕ್ರೊಮಸ್ ಎಂಬ ಭಕ್ಷಕ ಕೀಟಗಳ ಪಾತ್ರ ಹಿರಿದು.

ಇಲ್ಲಿ ಗೃಹಸ್ಥರು ಅರಿಯಬೇಕಾದ ಸೂಕ್ಷ್ಮವೊಂದಿದೆ. ಕ್ರಿಪ್ಟೊಲೀಮಸ್‌ನ ಮರಿಹುಳವೂ ಬಿಳಿಯ ಮೇಣವನ್ನೇ ಹೊದ್ದಿರುವುದರಿಂದ, ಅದನ್ನು ದೊಡ್ಡ ತಿಗಣೆಯೆಂದು ಭ್ರಮಿಸಿ ಹೊಸಕುವವರು ಬಹಳ. ಅದು ತಿಗಣೆಗಿಂತ ಎರಡು-ಮೂರು ಪಟ್ಟು ಉದ್ದವಾಗಿದ್ದು, ಮೇಣದ ಉದ್ದನೆಯ ಕುಚ್ಚುಗಳನ್ನು ಹೊಂದಿ, ಮುಟ್ಟಿದರೆ ಚುರುಕಾಗಿ ಓಡುತ್ತದೆ. ಅಂಥದು ಕಂಡರೆ ಆ ಗಿಡಕ್ಕೆ ಏನನ್ನೂ ಸಿಂಪಡಿಸದೆ ಇರುವೆಗಳನ್ನು ಮಾತ್ರ ತಡೆಯಿರಿ. ಉಳಿದ ಕೆಲಸವನ್ನು ಅದೇ ಮಾಡುತ್ತದೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

1. ಬಟ್ಟೆ ಒಗೆಯುವ ಪುಡಿಯನ್ನೋ ಸೀಮೆಎಣ್ಣೆಯನ್ನೋ ಬಳಸುವುದು. ಇವು ಕೀಟದೊಡನೆ ಎಲೆಯನ್ನೂ ಸುಡುತ್ತವೆ.

2. ಬೇವಿನೆಣ್ಣೆ ಹೆಚ್ಚಾದಷ್ಟೂ ಗುಣ ಹೆಚ್ಚೆಂದು ನಂಬುವುದು. ಮಿತಿಮೀರಿದ ಎಣ್ಣೆ ಎಲೆಯ ಉಸಿರಾಟವನ್ನೇ ಕಟ್ಟುತ್ತದೆ.

3. ನಡುಹಗಲಿನಲ್ಲಿ ಸಿಂಪಡಿಸುವುದು. ವೈಶಾಖದ ಬಿಸಿಲಿನಲ್ಲಿ ಎಣ್ಣೆ ಹಚ್ಚಿದ ಎಲೆ ಕಮರುತ್ತದೆ. ಸಂಜೆ ಬಿಸಿಲು ಇಳಿದ ಮೇಲೆ ಸಿಂಪಡಿಸಿ, ಮರುದಿನ ಗಿಡವನ್ನು ನೆರಳಿನಲ್ಲಿಡಿ.

4. ಸೊರಗಿದ ಗಿಡಕ್ಕೆ ಯೂರಿಯಾ ಹಾಕುವುದು. ಸಾರಜನಕ ಹೆಚ್ಚಾದರೆ ಚಿಗುರು ಮೃದುವಾಗಿ, ರಸ ಪುಷ್ಟಿಯಾಗಿ, ಕೀಟದ ಸಂತಾನ ಇನ್ನೂ ಹೆಚ್ಚುತ್ತದೆ. ಗಿಡ ಚೇತರಿಸಿಕೊಳ್ಳುವವರೆಗೆ ಗೊಬ್ಬರವನ್ನು ನಿಲ್ಲಿಸಿ.

5. ಎಲೆಯ ಮೇಲ್ಭಾಗಕ್ಕೆ ಮಾತ್ರ ಸಿಂಪಡಿಸುವುದು. ಕೀಟವಿರುವುದು ಕೆಳಭಾಗದಲ್ಲಿ ಮತ್ತು ಸಂದುಗಳಲ್ಲಿ.

6. ಹೊಸದಾಗಿ ತಂದ ಗಿಡವನ್ನು ನೇರವಾಗಿ ಹಳೆಯ ಗಿಡಗಳ ನಡುವೆ ಇಡುವುದು. ನರ್ಸರಿಯಿಂದ ಬಂದುದಾಗಲಿ, ನೆರೆಯವರು ಪ್ರೀತಿಯಿಂದ ಕೊಟ್ಟ ಕಡ್ಡಿಯಾಗಲಿ, ಮೂರು ವಾರ ಬೇರೆಯಾಗಿಟ್ಟು ನೋಡುವುದು ಶ್ರೇಯಸ್ಕರ.

ಎಚ್ಚರಿಕೆಗಳು

ಸ್ಪಿರಿಟ್ಟು ಬೆಂಕಿಗೆ ಬೇಗ ಹೊತ್ತಿಕೊಳ್ಳುವ ದ್ರವ. ದೇವರ ದೀಪ, ಒಲೆ, ಊದುಬತ್ತಿಗಳ ಸಮೀಪ ಅದನ್ನು ತೆರೆಯಬೇಡಿ, ಕಿಟಕಿ ತೆರೆದಿರಲಿ, ಮಕ್ಕಳ ಕೈಗೆ ಸಿಗದಿರಲಿ.

ತುಳಸಿ, ಕರಿಬೇವು ಮೊದಲಾಗಿ ಬಾಯಿಗೆ ಹೋಗುವ ಎಲೆಗಳ ಗಿಡಗಳಿಗೆ ನೀರು, ಬ್ರಷ್ಷು, ಕತ್ತರಿಸುವಿಕೆ ಇವಿಷ್ಟರಲ್ಲಿಯೇ ತೃಪ್ತರಾಗಿರಿ. ಹೊಲಕ್ಕೆಂದು ತಂದು ಉಳಿದ ಕೀಟನಾಶಕವನ್ನು ಮನೆಯೊಳಗಿನ ಗಿಡಕ್ಕೆ ಅಂದಾಜಿನಿಂದ ಬೆರೆಸಿ ಸಿಂಪಡಿಸುವ ರೂಢಿ ಸರ್ವಥಾ ತ್ಯಾಜ್ಯ. ಮುಚ್ಚಿದ ಕೋಣೆಯಲ್ಲಿ ಅದರ ಆವಿಯನ್ನು ಸೇವಿಸುವವರು ನೀವೂ ನಿಮ್ಮ ಮಕ್ಕಳೂ. ಹೂಬಿಡುವ ಅಂಗಳದ ಗಿಡಗಳಿಗೆ ಅಂತರ್ವ್ಯಾಪಿ ಕೀಟನಾಶಕ ಹಾಕಿದರೆ ಜೇನುನೊಣಗಳಿಗೂ ಹಾನಿಯುಂಟು.

ನಾಲ್ಕು ಸಲದ ಉಪಚಾರದ ಬಳಿಕವೂ ಕೀಟ ಮೊದಲಿನಷ್ಟೇ ಇದ್ದರೆ, ಒಂದು ಎಲೆಯನ್ನು ಕೀಟಸಮೇತ ಬಿಗಿಯಾದ ಡಬ್ಬಿಯಲ್ಲಿಟ್ಟು ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ತಜ್ಞರಿಗೋ ನಿಮ್ಮ ತಾಲೂಕಿನ ತೋಟಗಾರಿಕೆ ಇಲಾಖೆಯವರಿಗೋ ತೋರಿಸಿ. ಕೀಟದ ಜಾತಿ ತಿಳಿದರೆ ಉಪಾಯವೂ ನಿಖರವಾಗುತ್ತದೆ.

ಕೆಲವು ಗಿಡಗಳನ್ನು ಉಳಿಸಲಾಗದೆಯೂ ಇರಬಹುದು. ಬುಡದಿಂದ ತುದಿಯವರೆಗೆ ಕೀಟ ಮುತ್ತಿ, ಬೇರೂ ಕೊಳೆತಿದ್ದರೆ, ಆರೋಗ್ಯವಾಗಿರುವ ಒಂದು ಕಡ್ಡಿಯನ್ನು ತೊಳೆದು ಹೊಸ ಮಣ್ಣಿನಲ್ಲಿ ನೆಟ್ಟು, ಮೂಲ ಗಿಡವನ್ನು ನಾಶಮಾಡುವುದೇ ಇತರ ಗಿಡಗಳ ಹಿತಕ್ಕೆ ಯೋಗ್ಯ. ಉಳಿದ ಗಿಡಗಳ ವಿಷಯದಲ್ಲಿ ವಾರದ ಒಂದು ದಿನವನ್ನು ಗೊತ್ತುಮಾಡಿಕೊಂಡು, ಅಂದು ಬೆಳಗ್ಗೆ ನೀರುಣಿಸುವಾಗ ಪ್ರತಿಯೊಂದು ಗಿಡದ ಎರಡು ಎಲೆಗಳನ್ನಾದರೂ ಮಗುಚಿ ನೋಡುವ ನಿಯಮವನ್ನಿಟ್ಟುಕೊಳ್ಳಿ. ಒಂದೆರಡು ಕೀಟಗಳಿದ್ದಾಗ ಕಣ್ಣಿಗೆ ಬಿದ್ದರೆ ಹತ್ತಿಯ ಒಂದು ಕಡ್ಡಿಯಿಂದ ಮುಗಿಯುವ ಕಾರ್ಯ, ನೂರಾರಾದ ಮೇಲೆ ಕಂಡರೆ ತಿಂಗಳುಗಟ್ಟಲೆಯ ಶ್ರಮವನ್ನು ಬೇಡುತ್ತದೆ.